ಪೈಥಾನ್‌ನಿಂದ ಸಿ ಫಂಕ್ಷನ್ ಕರೆಯುವುದು: ಎರಡು ಭಾಷೆಗಳ ಗಡಿಯಲ್ಲಿ ಪಾಲಿಸಬೇಕಾದ ಕ್ರಮ

ನಿಮಗೆ ಬೇಕಾದ ಕೆಲಸವನ್ನು ಮಾಡುವ ಲೈಬ್ರರಿ ಸಿ ಭಾಷೆಯಲ್ಲಿ ಈಗಾಗಲೇ ಇದೆ, ಆದರೆ ನಿಮ್ಮ ಪ್ರೋಗ್ರಾಮ್ ಇರುವುದು ಪೈಥಾನ್‌ನಲ್ಲಿ. ಅಥವಾ ಇಡೀ ಪ್ರೋಗ್ರಾಮ್‌ನಲ್ಲಿ ಒಂದು ಲೂಪ್ ಮಾತ್ರ ಸಮಯವನ್ನೆಲ್ಲ ನುಂಗುತ್ತಿದೆ, ಅದೊಂದನ್ನು ವೇಗದ ಭಾಷೆಯಲ್ಲಿ ಬರೆದುಕೊಂಡರೆ ಸಾಕು. ಇಂಥ ಸಂದರ್ಭದಲ್ಲಿ ಒಂದು ಭಾಷೆಯ ಕೋಡನ್ನು ಇನ್ನೊಂದರಿಂದ ಕರೆಯಬೇಕಾಗುತ್ತದೆ. ಕರೆಯುವುದು ನಾಲ್ಕೈದು ಸಾಲುಗಳ ಕೆಲಸ. ಆದರೆ ಯಾವ ಬಗೆಯ ಮೌಲ್ಯವನ್ನು ಕಳುಹಿಸುತ್ತಿದ್ದೇವೆ, ಮೆಮೊರಿ ಯಾರದು, ಅದು ಎಷ್ಟು ಹೊತ್ತು ಉಳಿದಿರಬೇಕು, ದೋಷ ಬಂದರೆ ಹೇಗೆ ತಿಳಿಸಬೇಕು ಎಂಬ ಪ್ರಶ್ನೆಗಳಿಗೆ ಎರಡೂ ಕಡೆಯಲ್ಲಿ ಒಂದೇ ಉತ್ತರವಿದೆಯೇ ಎಂದು ನೋಡಿಕೊಳ್ಳುವುದು ಬರೆಯುವವರದೇ ಹೊಣೆ. ಒಂದೇ ಭಾಷೆಯೊಳಗೆ ಕಂಪೈಲರ್ ಅಥವಾ ಇಂಟರ್‌ಪ್ರಿಟರ್ ನಮ್ಮ ಪರವಾಗಿ ಇದನ್ನೆಲ್ಲ ಕಾಯುತ್ತಿರುತ್ತದೆ. ಎರಡು ಭಾಷೆಗಳ ನಡುವಿನ ಗಡಿಯಲ್ಲಿ ಆ ಕಾವಲು ಇರುವುದಿಲ್ಲ.

ಮುಂದಿನ ಹೆಜ್ಜೆಗಳಲ್ಲಿ ಪೈಥಾನ್‌ನಿಂದ ಸಿ ಫಂಕ್ಷನ್‌ಗಳನ್ನು ಕರೆಯುವುದನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ. ಇದಕ್ಕೆ ಬಳಸುವ ಸಿಟೈಪ್ಸ್ ಮಾಡ್ಯೂಲ್ 2006ರಲ್ಲಿ ಹೊರಬಂದ ಪೈಥಾನ್ 2.5ರಿಂದ ಪೈಥಾನ್‌ನ ಜೊತೆಗೇ ಬರುತ್ತದೆ, ಪ್ರತ್ಯೇಕವಾಗಿ ಏನನ್ನೂ ಹಾಕಿಕೊಳ್ಳಬೇಕಿಲ್ಲ. ಬೇರೆ ಭಾಷೆಗಳ ಜೋಡಿಗಳಲ್ಲಿ ಹೆಸರುಗಳು ಬದಲಾದರೂ ತೊಡಕುಗಳು ಹೆಚ್ಚುಕಡಿಮೆ ಇವೇ.

ಮೊದಲು, ಇದು ನಿಜಕ್ಕೂ ಬೇಕೇ?

ಎರಡು ಭಾಷೆಗಳನ್ನು ಒಂದೇ ಪ್ರಾಸೆಸ್‌ನೊಳಗೆ ಕೂಡಿಸಿದರೆ ಸಿ ಕಡೆಯ ಒಂದು ತಪ್ಪು ಪಾಯಿಂಟರ್ (ಮೆಮೊರಿಯ ವಿಳಾಸವನ್ನು ಹಿಡಿದಿಡುವ ಮೌಲ್ಯ) ಇಡೀ ಪೈಥಾನ್ ಪ್ರೋಗ್ರಾಮನ್ನು ಕೆಡವಬಲ್ಲದು. ಅದಕ್ಕೆ ಎಕ್ಸೆಪ್ಶನ್ ಬರುವುದಿಲ್ಲ, ಲಾಗ್‌ನಲ್ಲಿ ಸಾಲೂ ಉಳಿಯದಿರಬಹುದು. ಆದ್ದರಿಂದ ಕರೆಗಳ ಸಂಖ್ಯೆ ಕಡಿಮೆಯಿದ್ದು, ಕಳುಹಿಸಬೇಕಾದ ಮಾಹಿತಿಯೂ ಸಣ್ಣದಾಗಿದ್ದರೆ, ಸಿ ಕೋಡನ್ನು ಬೇರೆಯೇ ಪ್ರೋಗ್ರಾಮ್ ಆಗಿ ಕಂಪೈಲ್ ಮಾಡಿ, ಪೈಥಾನ್‌ನ ಸಬ್‌ಪ್ರಾಸೆಸ್ ಮಾಡ್ಯೂಲ್ ಮೂಲಕ ಓಡಿಸಿ, ಇನ್‌ಪುಟ್ ಮತ್ತು ಔಟ್‌ಪುಟ್‌ಗಳನ್ನು ಜೇಸನ್ ರೂಪದಲ್ಲಿ ಪೈಪ್ ಮೂಲಕ ಸಾಗಿಸುವುದೇ ಲೇಸು. ಈ ದಾರಿಯನ್ನು ಅನೇಕರು ಕೀಳಾಗಿ ಕಾಣುತ್ತಾರೆ, ಆದರೆ ಒಂದು ಕಡೆ ಕುಸಿದರೂ ಇನ್ನೊಂದು ಕಡೆ ನಿಂತಿರುತ್ತದೆ ಎಂಬ ಗುಣ ಅದಕ್ಕಿದೆ. ಲಕ್ಷಾಂತರ ಬಾರಿ ಕರೆಯಬೇಕಾದಾಗ, ದೊಡ್ಡ ಅರೇಗಳನ್ನು ನಕಲು ಮಾಡದೆ ಹಂಚಿಕೊಳ್ಳಬೇಕಾದಾಗ, ಅಥವಾ ಲೈಬ್ರರಿಯ ಸ್ಥಿತಿಯನ್ನು ಕರೆಯಿಂದ ಕರೆಗೆ ಉಳಿಸಿಕೊಳ್ಳಬೇಕಾದಾಗ ನೇರ ಕರೆಗೆ ಬನ್ನಿ.

ಎಲ್ಲ ಭಾಷೆಗಳೂ ಸಿ ಮೂಲಕವೇ ಏಕೆ ಮಾತಾಡುತ್ತವೆ

ರಸ್ಟ್‌ನಲ್ಲಿ ಬರೆದ ಕೋಡನ್ನು ಪೈಥಾನ್‌ನಿಂದ ಕರೆದರೂ, ಗೋ ಭಾಷೆಯದನ್ನು ರೂಬಿಯಿಂದ ಕರೆದರೂ ನಡುವೆ ಸಿ ಭಾಷೆಯ ನಿಯಮಗಳೇ ಬರುತ್ತವೆ. ಕಂಪೈಲ್ ಆದ ಮೇಲೆ ಫಂಕ್ಷನ್ ಎಂದರೆ ಮೆಮೊರಿಯಲ್ಲಿನ ಒಂದು ವಿಳಾಸ, ಅಷ್ಟೆ. ಅದಕ್ಕೆ ಆರ್ಗ್ಯುಮೆಂಟ್‌ಗಳನ್ನು ಯಾವ ರಿಜಿಸ್ಟರ್‌ಗಳಲ್ಲಿ (ಪ್ರಾಸೆಸರ್‌ನೊಳಗಿನ ಪುಟ್ಟ ಸಂಗ್ರಹ ಜಾಗಗಳಲ್ಲಿ) ಇಡಬೇಕು, ಉತ್ತರವನ್ನು ಎಲ್ಲಿಂದ ತೆಗೆದುಕೊಳ್ಳಬೇಕು ಎಂಬುದನ್ನು ಕಾಲಿಂಗ್ ಕನ್ವೆನ್ಶನ್ ಎಂಬ ಕಟ್ಟಳೆ ನಿರ್ಧರಿಸುತ್ತದೆ. 64 ಬಿಟ್ ಇಂಟೆಲ್ ಮಾದರಿಯ ಪ್ರಾಸೆಸರ್‌ಗಳಲ್ಲಿ ಲಿನಕ್ಸ್ ಮೊದಲ 6 ಪೂರ್ಣಾಂಕ ಅಥವಾ ಪಾಯಿಂಟರ್ ಆರ್ಗ್ಯುಮೆಂಟ್‌ಗಳನ್ನು ರಿಜಿಸ್ಟರ್‌ಗಳಲ್ಲಿ ಸಾಗಿಸಿದರೆ ವಿಂಡೋಸ್ ಮೊದಲ 4ನ್ನು ಮಾತ್ರ ಹಾಗೆ ಸಾಗಿಸುತ್ತದೆ; ದಶಮಾಂಶ ಸಂಖ್ಯೆಗಳಿಗೆ ಬೇರೆಯದೇ ರಿಜಿಸ್ಟರ್‌ಗಳಿವೆ. ಆಪರೇಟಿಂಗ್ ಸಿಸ್ಟಮ್‌ಗಳು ತಮ್ಮ ಸೇವೆಗಳನ್ನು ಸಿ ಫಂಕ್ಷನ್‌ಗಳ ರೂಪದಲ್ಲಿ ಒದಗಿಸಿದ್ದರಿಂದ ಈ ಕಟ್ಟಳೆಯನ್ನು ಪಾಲಿಸುವುದು ಪ್ರತಿಯೊಂದು ಭಾಷೆಗೂ ಅನಿವಾರ್ಯವಾಯಿತು. ಹೀಗಾಗಿ ಎರಡು ಭಾಷೆಗಳಿಗೆ ಪರಸ್ಪರರ ಕ್ಲಾಸ್, ಟೆಂಪ್ಲೇಟ್, ಎಕ್ಸೆಪ್ಶನ್‌ಗಳ ಗಂಧವೇ ಇಲ್ಲದಿದ್ದರೂ, ಸಂಖ್ಯೆ, ಪಾಯಿಂಟರ್ ಮತ್ತು ಸರಳ ಸ್ಟ್ರಕ್ಚರ್‌ಗಳ ಮಟ್ಟದಲ್ಲಿ ಅವು ಒಂದನ್ನೊಂದು ಅರ್ಥಮಾಡಿಕೊಳ್ಳುತ್ತವೆ. ಗಡಿಯನ್ನು ದಾಟಿಸುವುದೆಲ್ಲವೂ ಈ ಮಟ್ಟಕ್ಕೆ ಇಳಿಯಲೇಬೇಕು.

ಲೈಬ್ರರಿಯನ್ನು ಕಟ್ಟಿಕೊಳ್ಳುವುದು

ಒಂದು ಸರಳ ಸಿ ಫಂಕ್ಷನ್ ಇದೆಯೆಂದುಕೊಳ್ಳೋಣ: ಡಬಲ್ (64 ಬಿಟ್ ದಶಮಾಂಶ) ಸಂಖ್ಯೆಗಳ ಅರೇಗೆ ಒಂದು ಪಾಯಿಂಟರ್ ಮತ್ತು ಅದರ ಉದ್ದವನ್ನು ಸೈಜ್-ಟಿ ಬಗೆಯಲ್ಲಿ ತೆಗೆದುಕೊಂಡು, ಸರಾಸರಿಯನ್ನು ಡಬಲ್ ಆಗಿ ಹಿಂದಿರುಗಿಸುತ್ತದೆ. ಇದನ್ನು ಶೇರ್ಡ್ ಲೈಬ್ರರಿಯಾಗಿ, ಅಂದರೆ ಬೇರೆ ಪ್ರೋಗ್ರಾಮ್ ಓಡುವಾಗಲೇ ತೆರೆದು ಬಳಸಬಹುದಾದ ಫೈಲ್ ಆಗಿ, ಕಂಪೈಲ್ ಮಾಡಬೇಕು. ಲಿನಕ್ಸ್‌ನಲ್ಲಿ ಜಿಸಿಸಿ ಕಂಪೈಲರ್‌ಗೆ ಶೇರ್ಡ್ ಮತ್ತು ಎಫ್‌ಪಿಐಸಿ ಎಂಬ ಎರಡು ಆಯ್ಕೆಗಳನ್ನು ಕೊಟ್ಟರೆ ಎಸ್ಒ ಎಂದು ಕೊನೆಯಾಗುವ ಫೈಲ್ ಸಿಗುತ್ತದೆ. ವಿಂಡೋಸ್‌ನಲ್ಲಿ ಅದು ಡಿಎಲ್ಎಲ್, ಮ್ಯಾಕ್‌ನಲ್ಲಿ ಡೈಲಿಬ್. ವಿಂಡೋಸ್‌ನ ಮೈಕ್ರೋಸಾಫ್ಟ್ ಕಂಪೈಲರ್ ಬಳಸುವವರು ಹೊರಗೆ ಕಾಣಬೇಕಾದ ಪ್ರತಿ ಫಂಕ್ಷನ್‌ಗೆ ಡಿಎಲ್ಎಲ್‌ಎಕ್ಸ್‌ಪೋರ್ಟ್ ಗುರುತು ಹಾಕಬೇಕು, ಇಲ್ಲವಾದರೆ ಲೈಬ್ರರಿ ಸಿದ್ಧವಾದರೂ ಒಳಗಿನ ಫಂಕ್ಷನ್ ಹೊರಗಿನಿಂದ ಸಿಗುವುದಿಲ್ಲ.

ಕೋಡ್ ಸಿ ಪ್ಲಸ್ ಪ್ಲಸ್‌ನಲ್ಲಿದ್ದರೆ ಇನ್ನೊಂದು ವಿಷಯವಿದೆ. ಒಂದೇ ಹೆಸರಿನ ಹಲವು ಫಂಕ್ಷನ್‌ಗಳಿಗೆ ಅವಕಾಶ ಕೊಡಲೆಂದು ಆ ಭಾಷೆಯ ಕಂಪೈಲರ್ ಆರ್ಗ್ಯುಮೆಂಟ್‌ಗಳ ಬಗೆಯನ್ನೂ ಸೇರಿಸಿ ಹೆಸರನ್ನು ತಿರುಚಿಡುತ್ತದೆ. ಹೊರಗೆ ತೆರೆದಿಡುವ ಫಂಕ್ಷನ್‌ಗಳನ್ನು ಎಕ್ಸ್‌ಟರ್ನ್ ಸಿ ಎಂಬ ಘೋಷಣೆಯೊಳಗೆ ಇಟ್ಟರೆ ಹೆಸರು ಬರೆದಂತೆಯೇ ಉಳಿಯುತ್ತದೆ. ಯಾವ ಹೆಸರುಗಳು ನಿಜವಾಗಿಯೂ ಹೊರಗೆ ಕಾಣುತ್ತಿವೆ ಎಂದು ಲಿನಕ್ಸ್‌ನ ಎನ್ಎಮ್ ಆದೇಶದಿಂದ ನೋಡಿಕೊಳ್ಳಬಹುದು. ಫಂಕ್ಷನ್ ಸಿಗುತ್ತಿಲ್ಲ ಎಂಬ ದೂರು ಬಂದಾಗ ನೋಡಬೇಕಾದ ಮೊದಲ ಜಾಗ ಅದೇ.

ಬಗೆಗಳನ್ನು ಘೋಷಿಸುವುದು

ಪೈಥಾನ್ ಕಡೆಯಲ್ಲಿ ಸಿಟೈಪ್ಸ್‌ನ ಸಿಡಿಎಲ್ಎಲ್‌ಗೆ ಲೈಬ್ರರಿಯ ಪೂರ್ಣ ದಾರಿಯನ್ನು ಕೊಟ್ಟರೆ ಲೈಬ್ರರಿ ತೆರೆದುಕೊಳ್ಳುತ್ತದೆ. ಬರೀ ಫೈಲಿನ ಹೆಸರನ್ನು ಕೊಟ್ಟರೆ ಹುಡುಕುವ ಕ್ರಮ ಒಂದೊಂದು ಸಿಸ್ಟಮ್‌ನಲ್ಲಿ ಒಂದೊಂದು ತೆರ. ಆದ್ದರಿಂದ ಪೈಥಾನ್ ಫೈಲ್ ಇರುವ ಫೋಲ್ಡರ್‌ನಿಂದಲೇ ದಾರಿಯನ್ನು ಲೆಕ್ಕಹಾಕಿ ಕೊಡಿ.

ಲೈಬ್ರರಿ ತೆರೆದುಕೊಂಡ ಕೂಡಲೇ ಫಂಕ್ಷನ್ ಕರೆಯುವ ಆತುರ ಸಹಜ. ಕರೆಯಬೇಡಿ. ಆ ಶೇರ್ಡ್ ಲೈಬ್ರರಿಯಲ್ಲಿ ಫಂಕ್ಷನ್‌ನ ಹೆಸರಿದೆಯೇ ಹೊರತು ಅದು ಏನನ್ನು ತೆಗೆದುಕೊಳ್ಳುತ್ತದೆ, ಏನನ್ನು ಕೊಡುತ್ತದೆ ಎಂಬ ಮಾಹಿತಿ ಇಲ್ಲ. ಅದು ಇದ್ದದ್ದು ಸಿ ಹೆಡರ್ ಫೈಲ್‌ನಲ್ಲಿ, ಸಿಟೈಪ್ಸ್ ಅದನ್ನು ಓದುವುದಿಲ್ಲ. ಏನೂ ಹೇಳದಿದ್ದರೆ ಸಿಟೈಪ್ಸ್ ಪ್ರತಿ ಫಂಕ್ಷನ್ ಕೂಡ ಇಂಟ್ ಬಗೆಯ ಉತ್ತರವನ್ನೇ ಕೊಡುತ್ತದೆ ಎಂದು ಭಾವಿಸಿಕೊಳ್ಳುತ್ತದೆ. ನಮ್ಮ ಸರಾಸರಿ ಫಂಕ್ಷನ್ ತನ್ನ ಉತ್ತರವನ್ನು ದಶಮಾಂಶಗಳ ರಿಜಿಸ್ಟರ್‌ನಲ್ಲಿ ಇಟ್ಟು ಮರಳುತ್ತದೆ, ಸಿಟೈಪ್ಸ್ ಪೂರ್ಣಾಂಕಗಳ ರಿಜಿಸ್ಟರ್‌ನಲ್ಲಿ ಉಳಿದಿದ್ದ ಯಾವುದೋ ಕಸವನ್ನು ಎತ್ತಿ ತಂದು ಕೊಡುತ್ತದೆ. ದೋಷವೇನೂ ಕಾಣಿಸುವುದಿಲ್ಲ, ಸಂಖ್ಯೆ ಮಾತ್ರ ಅರ್ಥಹೀನವಾಗಿರುತ್ತದೆ.

ಪಾಯಿಂಟರನ್ನು ಹಿಂದಿರುಗಿಸುವ ಫಂಕ್ಷನ್‌ಗಳಲ್ಲಿ ಇದೇ ತಪ್ಪು ಇನ್ನೂ ಕುಟಿಲವಾಗುತ್ತದೆ. 64 ಬಿಟ್ ವಿಳಾಸವನ್ನು 32 ಬಿಟ್ ಇಂಟ್ ಎಂದು ಓದಿದರೆ ಮೇಲಿನ ಅರ್ಧ ಕತ್ತರಿಸಿಹೋಗುತ್ತದೆ. ವಿಳಾಸ ಚಿಕ್ಕ ಸಂಖ್ಯೆಯಾಗಿದ್ದ ಯಂತ್ರದಲ್ಲಿ ಕೋಡ್ ಸರಿಯಾಗಿಯೇ ನಡೆದು, ಬೇರೆ ಯಂತ್ರಕ್ಕೆ ಹೋದಾಗ ಸೆಗ್ಮೆಂಟೇಶನ್ ಫಾಲ್ಟ್ (ತನ್ನದಲ್ಲದ ಮೆಮೊರಿಯನ್ನು ಮುಟ್ಟಿದ ದೋಷ) ಆಗಿ ಕುಸಿಯುವುದುಂಟು. ಹಾಗಾಗಿ ನಿಯಮ ಸರಳ: ಬಳಸುವ ಪ್ರತಿ ಫಂಕ್ಷನ್‌ಗೂ ಆರ್ಗ್‌ಟೈಪ್ಸ್ (ಆರ್ಗ್ಯುಮೆಂಟ್‌ಗಳ ಬಗೆಗಳು) ಮತ್ತು ರೆಸ್‌ಟೈಪ್ (ಉತ್ತರದ ಬಗೆ) ಎರಡನ್ನೂ ಬರೆಯಿರಿ, ಏನನ್ನೂ ಹಿಂದಿರುಗಿಸದ ಫಂಕ್ಷನ್‌ಗೆ ರೆಸ್‌ಟೈಪ್ ನನ್ ಎಂದು ಬರೆಯುವುದೂ ಸೇರಿದಂತೆ. ಈ ಘೋಷಣೆಗಳನ್ನೆಲ್ಲ ಒಂದೇ ಮಾಡ್ಯೂಲ್‌ನಲ್ಲಿಟ್ಟು, ಉಳಿದ ಪೈಥಾನ್ ಕೋಡ್ ಆ ಮಾಡ್ಯೂಲ್‌ನ ಸಭ್ಯ ಫಂಕ್ಷನ್‌ಗಳನ್ನು ಮಾತ್ರ ಕಾಣುವಂತೆ ಮಾಡಿ.

ಸಿ ಕಡೆಯನ್ನೂ ನೀವೇ ಬರೆಯುತ್ತಿದ್ದರೆ ಲಾಂಗ್ ಬಗೆಯನ್ನು ಗಡಿಯಲ್ಲಿ ಬಳಸಬೇಡಿ. 64 ಬಿಟ್ ಲಿನಕ್ಸ್‌ನಲ್ಲಿ ಅದು 8 ಬೈಟ್, 64 ಬಿಟ್ ವಿಂಡೋಸ್‌ನಲ್ಲಿ 4 ಬೈಟ್. ಅಳತೆಯನ್ನು ಹೆಸರಲ್ಲೇ ಹೊತ್ತಿರುವ ಇಂಟ್32-ಟಿ, ಇಂಟ್64-ಟಿ ಬಗೆಗಳಿಗೆ ಈ ಅನುಮಾನವಿಲ್ಲ.

ಅರೇಗಳು: ಒಮ್ಮೆಗೇ ಕಳುಹಿಸಿ

ಸಿಟೈಪ್ಸ್ ಮೂಲಕ ಮಾಡುವ ಒಂದೊಂದು ಕರೆಗೂ ಆರ್ಗ್ಯುಮೆಂಟ್‌ಗಳನ್ನು ಪರಿವರ್ತಿಸುವ ಖರ್ಚು ತಗಲುತ್ತದೆ. ಒಂದು ಸಂಖ್ಯೆಯನ್ನು ಕಳುಹಿಸಿ ಒಂದು ಸಂಖ್ಯೆಯನ್ನು ಪಡೆಯುವ ಫಂಕ್ಷನನ್ನು ಪೈಥಾನ್ ಲೂಪ್‌ನೊಳಗೆ ಹತ್ತು ಲಕ್ಷ ಬಾರಿ ಕರೆದರೆ, ಸಿ ಯ ವೇಗವೆಲ್ಲ ಗಡಿ ದಾಟುವುದರಲ್ಲೇ ಕರಗಿಹೋಗುತ್ತದೆ. ಕೆಲವೊಮ್ಮೆ ಶುದ್ಧ ಪೈಥಾನ್‌ಗಿಂತಲೂ ನಿಧಾನವಾಗುತ್ತದೆ. ಲೂಪನ್ನೇ ಸಿ ಕಡೆಗೆ ಸರಿಸಿ, ಅರೇಯನ್ನು ಒಮ್ಮೆಗೇ ಕೊಡಿ.

ಸಾಮಾನ್ಯ ಪೈಥಾನ್ ಲಿಸ್ಟ್‌ನಲ್ಲಿ ಸಂಖ್ಯೆಗಳು ಪಕ್ಕಪಕ್ಕದಲ್ಲಿ ಇರುವುದಿಲ್ಲ, ಅವುಗಳ ಆಬ್ಜೆಕ್ಟ್‌ಗಳಿಗೆ ಪಾಯಿಂಟರ್‌ಗಳಷ್ಟೇ ಇರುತ್ತವೆ. ಆದ್ದರಿಂದ ಲಿಸ್ಟನ್ನು ಸಿಟೈಪ್ಸ್‌ನ ಡಬಲ್ ಅರೇಯಾಗಿ ನಕಲು ಮಾಡಿಯೇ ಕಳುಹಿಸಬೇಕು. ಸಂಖ್ಯೆಗಳ ಅರೇಗಳಿಗೆಂದೇ ಇರುವ ನಂಪೈ ಲೈಬ್ರರಿಯ ಅರೇಯಾದರೆ ನಕಲಿಲ್ಲದೆ ಅದರ ಪಾಯಿಂಟರನ್ನೇ ಕೊಡಬಹುದು, ಆದರೆ ಎರಡು ಷರತ್ತುಗಳಿವೆ. ಒಂದು, ಅರೇಯ ಬಗೆ ಫ್ಲೋಟ್64 ಆಗಿರಬೇಕು. ಪೂರ್ಣಾಂಕಗಳ ಅರೇಯನ್ನು ಕೊಟ್ಟರೆ ಸಿ ಅದೇ ಬೈಟ್‌ಗಳನ್ನು ಡಬಲ್ ಎಂದು ಓದುತ್ತದೆ. ಎರಡು, ಅದು ಮೆಮೊರಿಯಲ್ಲಿ ಅಖಂಡವಾಗಿರಬೇಕು. ಎರಡು ಆಯಾಮದ ಅರೇಯಿಂದ ಒಂದು ಕಾಲಮನ್ನು ಕತ್ತರಿಸಿ ತೆಗೆದಾಗ ನಂಪೈ ನಕಲು ಮಾಡುವುದಿಲ್ಲ, ಹಳೆಯ ಅರೇಯ ಮೇಲೆಯೇ ಜಿಗಿಜಿಗಿದು ಓದುವ ಒಂದು ನೋಟವನ್ನು ಕೊಡುತ್ತದೆ. ಈ ಜಿಗಿತದ ಸುಳಿವು ಸಿ ಫಂಕ್ಷನ್‌ಗೆ ಇರುವುದಿಲ್ಲ. ಕಳುಹಿಸುವ ಮೊದಲು ಬಗೆ ಫ್ಲೋಟ್64 ಎಂದು ಹೇಳಿ ಆಸ್‌ಕಂಟಿಗ್ಯುಅಸ್‌ಅರೇ ಫಂಕ್ಷನ್ ಮೂಲಕ ಹಾಯಿಸಿದರೆ ಎರಡೂ ಷರತ್ತುಗಳನ್ನು ಒಟ್ಟಿಗೇ ಪೂರೈಸಬಹುದು. ಆದರೆ ಅದರ ಉತ್ತರವನ್ನು ಒಂದು ಹೆಸರಿನಲ್ಲಿ ಹಿಡಿದಿಟ್ಟುಕೊಳ್ಳಿ. ಅಗತ್ಯಬಿದ್ದಾಗ ಅದು ಹೊಸ ನಕಲನ್ನು ಸೃಷ್ಟಿಸುತ್ತದೆ, ಕರೆ ಮುಗಿಯುವವರೆಗೆ ಆ ನಕಲು ಬದುಕಿರಬೇಕು.

ಫೋರ್ಟ್ರಾನ್ ಕೋಡನ್ನು ಕರೆಯುವವರಿಗೆ ಇಲ್ಲಿ ಇನ್ನೊಂದು ಎಚ್ಚರಿಕೆ: ಆ ಭಾಷೆ ಎರಡು ಆಯಾಮದ ಅರೇಗಳನ್ನು ಕಾಲಮ್‌ಗಳ ಕ್ರಮದಲ್ಲಿ ಇಡುತ್ತದೆ, ಸಿ ಸಾಲುಗಳ ಕ್ರಮದಲ್ಲಿ.

ಸ್ಟ್ರಿಂಗ್‌ಗಳು

ಪೈಥಾನ್ 3ರ ಸ್ಟ್ರಿಂಗ್ ಎಂದರೆ ಯುನಿಕೋಡ್ ಅಕ್ಷರಗಳ ಸಾಲು. ಸಿ ಯ ಸ್ಟ್ರಿಂಗ್ ಎಂದರೆ ಸೊನ್ನೆ ಬೈಟ್ ಬರುವವರೆಗಿನ ಬೈಟ್‌ಗಳ ಸಾಲು. ಕಳುಹಿಸುವಾಗ ಯುಟಿಎಫ್-8ಗೆ ಎನ್‌ಕೋಡ್ ಮಾಡಿ, ಪಡೆದಾಗ ಡಿಕೋಡ್ ಮಾಡಿ. ಆರ್ಗ್‌ಟೈಪ್ಸ್ ಬರೆಯದೆ ಪೈಥಾನ್ ಸ್ಟ್ರಿಂಗನ್ನು ಹಾಗೆಯೇ ಕೊಟ್ಟರೆ ಸಿಟೈಪ್ಸ್ ಅದನ್ನು ಒಂದೊಂದೂ ಒಂದಕ್ಕಿಂತ ಹೆಚ್ಚು ಬೈಟ್ ಹಿಡಿಯುವ ಅಗಲ ಅಕ್ಷರಗಳ ಸಾಲಾಗಿ ಕಳುಹಿಸುತ್ತದೆ. ಇಂಗ್ಲಿಷ್ ಅಕ್ಷರಗಳಿದ್ದಾಗ ಮೊದಲ ಅಕ್ಷರದ ನಂತರವೇ ಸೊನ್ನೆ ಬೈಟ್ ಬರುವುದರಿಂದ ಸಿ ಕಡೆಗೆ ಒಂದೇ ಅಕ್ಷರ ಕಾಣಿಸುತ್ತದೆ. ‘ಬರೀ ಮೊದಲ ಅಕ್ಷರ ಮಾತ್ರ ಬರುತ್ತಿದೆ’ ಎಂಬ ಗೊಂದಲಕ್ಕೆ ಬಹುಪಾಲು ಇದೇ ಕಾರಣ.

ಉದ್ದದ ಲೆಕ್ಕದಲ್ಲೂ ಎರಡು ಭಾಷೆಗಳು ಹೊಂದುವುದಿಲ್ಲ. ‘ಕನ್ನಡ’ ಎಂಬ ಸ್ಟ್ರಿಂಗ್‌ನ ಉದ್ದ ಪೈಥಾನ್‌ಗೆ 5, ಏಕೆಂದರೆ ಒತ್ತಕ್ಷರದೊಳಗಿನ ಹಲಂತ ಚಿಹ್ನೆಯೂ ಒಂದು ಕೋಡ್ ಪಾಯಿಂಟ್, ಅಂದರೆ ಯುನಿಕೋಡ್‌ನಲ್ಲಿ ತನ್ನದೇ ಸಂಖ್ಯೆ ಪಡೆದ ಚಿಹ್ನೆ. ಸಿ ಯ ಸ್ಟ್ರ್‌ಲೆನ್‌ಗೆ ಅದೇ 15, ಏಕೆಂದರೆ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟ್ 3 ಬೈಟ್ ಹಿಡಿಯುತ್ತದೆ. ಬಫರಿನ ಅಳತೆಯನ್ನು ಅಕ್ಷರಗಳ ಎಣಿಕೆಯಿಂದ ಲೆಕ್ಕಹಾಕಿದ ಕೋಡ್ ಇಂಗ್ಲಿಷ್ ಪಠ್ಯದಲ್ಲಿ ಎಲ್ಲ ಪರೀಕ್ಷೆಗಳನ್ನೂ ದಾಟಿ, ಕನ್ನಡ ಪಠ್ಯ ಬಂದ ದಿನ ಮೆಮೊರಿಯನ್ನು ಕೆಡಿಸುತ್ತದೆ. ಎನ್‌ಕೋಡ್ ಆದ ಬೈಟ್‌ಗಳ ಉದ್ದವನ್ನೇ ಅಳೆಯಿರಿ, ಕೊನೆಯ ಸೊನ್ನೆ ಬೈಟ್‌ಗೆ ಒಂದನ್ನು ಕೂಡಿಸಿ. ಸಿ ಫಂಕ್ಷನ್ ಆ ಸ್ಟ್ರಿಂಗನ್ನು ತಿದ್ದುವುದಾದರೆ ಪೈಥಾನ್‌ನ ಬೈಟ್ಸ್ ಆಬ್ಜೆಕ್ಟನ್ನು ಕೊಡಲೇಬಾರದು, ಅದು ಬದಲಾಗಬಾರದ ವಸ್ತು. ಕ್ರಿಯೇಟ್-ಸ್ಟ್ರಿಂಗ್-ಬಫರ್‌ನಿಂದ ಪ್ರತ್ಯೇಕ ಬಫರ್ ಮಾಡಿಕೊಡಿ.

ಮೆಮೊರಿ ಯಾರದು?

ಇಡೀ ವಿಷಯದಲ್ಲಿ ಅತಿ ಹೆಚ್ಚು ಹಾನಿ ಆಗುವುದು ಇಲ್ಲಿ. ಗಡಿಯನ್ನು ದಾಟುವ ಪ್ರತಿ ಪಾಯಿಂಟರ್‌ಗೂ ಒಬ್ಬ ಯಜಮಾನ ಇರಬೇಕು, ಮತ್ತು ಆ ಮೆಮೊರಿಯನ್ನು ಬಿಡುಗಡೆ ಮಾಡುವ ಹಕ್ಕು ಅವನೊಬ್ಬನಿಗೇ ಇರಬೇಕು. ಪೈಥಾನ್ ತನ್ನ ವಸ್ತುಗಳನ್ನು ರೆಫರೆನ್ಸ್ ಎಣಿಕೆಯಿಂದ ತಾನೇ ತೆಗೆದುಹಾಕುತ್ತದೆ, ಸಿ ಯಲ್ಲಿ ಫ್ರೀ ಎಂದು ಕರೆಯುವವರೆಗೆ ಮೆಮೊರಿ ಉಳಿದೇ ಇರುತ್ತದೆ, ಮತ್ತು ಒಂದು ಕಡೆಯ ಲೆಕ್ಕ ಇನ್ನೊಂದು ಕಡೆಗೆ ಗೊತ್ತಿರುವುದಿಲ್ಲ.

ಸಾಧ್ಯವಿದ್ದಲ್ಲೆಲ್ಲ ಬಫರನ್ನು ಕರೆಯುವವರೇ ಕೊಡುವ ಪದ್ಧತಿಯನ್ನು ಆರಿಸಿಕೊಳ್ಳಿ. ಪೈಥಾನ್ ಒಂದು ಬಫರನ್ನೂ ಅದರ ಅಳತೆಯನ್ನೂ ಕೊಡುತ್ತದೆ, ಸಿ ಅದನ್ನು ತುಂಬಿ ಎಷ್ಟು ಬೈಟ್ ಬೇಕಾಯಿತು ಎಂದು ತಿಳಿಸುತ್ತದೆ, ಸಾಲದಿದ್ದರೆ ದೊಡ್ಡ ಬಫರ್‌ನೊಂದಿಗೆ ಮತ್ತೆ ಕರೆಯಲಾಗುತ್ತದೆ. ಯಜಮಾನಿಕೆ ಗಡಿಯನ್ನು ದಾಟುವುದೇ ಇಲ್ಲ.

ಸಿ ಕಡೆಯೇ ಮೆಮೊರಿ ಪಡೆದು ಪಾಯಿಂಟರ್ ಕೊಡಬೇಕಾದಾಗ, ಅದೇ ಲೈಬ್ರರಿಯಲ್ಲಿ ಅದನ್ನು ಬಿಡುಗಡೆ ಮಾಡುವ ಫಂಕ್ಷನ್ ಕೂಡ ಇರಲೇಬೇಕು. ಪೈಥಾನ್‌ನಿಂದ ನೇರವಾಗಿ ಸಿ ಯ ಫ್ರೀಯನ್ನು ಕರೆದರೆ ಆಗದೇ ಎಂದು ಕೇಳಬಹುದು. ವಿಂಡೋಸ್‌ನಲ್ಲಿ ಎರಡು ಡಿಎಲ್ಎಲ್‌ಗಳು ಬೇರೆಬೇರೆ ಸಿ ರನ್‌ಟೈಮ್ ಬಳಸುತ್ತಿರಬಹುದು, ಆಗ ಒಂದರ ಹೀಪ್‌ನಿಂದ (ಕೇಳಿದಾಗ ಮೆಮೊರಿ ಹಂಚುವ ಸಂಗ್ರಹದಿಂದ) ಪಡೆದದ್ದನ್ನು ಇನ್ನೊಂದರ ಫ್ರೀಗೆ ಕೊಟ್ಟಂತಾಗಿ ಹೀಪ್ ಕೆಡುತ್ತದೆ. ರಸ್ಟ್‌ನ ಸಿಸ್ಟ್ರಿಂಗ್‌ನಿಂದ ಇಂಟು-ರಾ ಮೂಲಕ ಹೊರಕೊಟ್ಟ ಪಾಯಿಂಟರ್ ಕೂಡ ಫ್ರಮ್-ರಾ ಮೂಲಕ ರಸ್ಟ್‌ಗೇ ಮರಳಬೇಕು.

ಇಲ್ಲಿ ಸಿಟೈಪ್ಸ್‌ನ ಒಂದು ಬಲೆ ಇದೆ. ರೆಸ್‌ಟೈಪನ್ನು ಸಿ-ಚಾರ್-ಪಿ ಎಂದು ಬರೆದರೆ ಸಿಟೈಪ್ಸ್ ಸಹಾಯ ಮಾಡುವ ಉತ್ಸಾಹದಲ್ಲಿ ಪಾಯಿಂಟರನ್ನು ಕೂಡಲೇ ಪೈಥಾನ್ ಬೈಟ್ಸ್ ಆಗಿ ಪರಿವರ್ತಿಸಿಬಿಡುತ್ತದೆ, ಮೂಲ ವಿಳಾಸ ಕೈತಪ್ಪುತ್ತದೆ, ಬಿಡುಗಡೆ ಮಾಡಲು ದಾರಿಯೇ ಉಳಿಯುವುದಿಲ್ಲ. ಬಿಡುಗಡೆ ಮಾಡಬೇಕಾದ ಸ್ಟ್ರಿಂಗ್‌ಗೆ ಸಿ-ವಾಯ್ಡ್-ಪಿ ಎಂದು ಘೋಷಿಸಿ, ಸ್ಟ್ರಿಂಗ್-ಅಟ್‌ನಿಂದ ಒಳಗಿನದನ್ನು ನಕಲಿಸಿಕೊಂಡು, ನಂತರ ಅದೇ ಪಾಯಿಂಟರನ್ನು ಬಿಡುಗಡೆ ಫಂಕ್ಷನ್‌ಗೆ ಕೊಡಿ.

ದೀರ್ಘಕಾಲ ಉಳಿಯುವ ಸ್ಥಿತಿಗೆ ಎಸ್‌ಕ್ಯೂಲೈಟ್ ಡೇಟಾಬೇಸ್ ಲೈಬ್ರರಿಯ ಮಾದರಿಯನ್ನು ನೋಡಿ: ತೆರೆಯುವ ಫಂಕ್ಷನ್ ಒಂದು ಹಿಡಿಕೆಯನ್ನು ಕೊಡುತ್ತದೆ, ಉಳಿದ ಫಂಕ್ಷನ್‌ಗಳು ಅದನ್ನು ತೆಗೆದುಕೊಳ್ಳುತ್ತವೆ, ಮುಚ್ಚುವ ಫಂಕ್ಷನ್ ಅದನ್ನು ಮುಗಿಸುತ್ತದೆ, ಹಿಡಿಕೆಯ ಒಳಗೇನಿದೆ ಎಂಬುದು ಹೊರಗಿನವರಿಗೆ ತಿಳಿಯುವುದೇ ಇಲ್ಲ. ಪೈಥಾನ್ ಕಡೆಯಲ್ಲಿ ಇದನ್ನು ವಿತ್ ಹೇಳಿಕೆಯೊಡನೆ ಬಳಸಬಹುದಾದ ಒಂದು ಕ್ಲಾಸ್‌ನಲ್ಲಿ ಸುತ್ತಿಡಿ. ಒಳಗಿನ ವಿನ್ಯಾಸ ಬದಲಾದರೂ ಪೈಥಾನ್ ಕೋಡ್ ಮುಟ್ಟಬೇಕಾಗಿಲ್ಲ.

ಸ್ಟ್ರಕ್ಚರನ್ನು ಬಿಚ್ಚಿಯೇ ದಾಟಿಸಬೇಕಾದರೆ ಕಂಪೈಲರ್ ನಡುವೆ ಸೇರಿಸುವ ಖಾಲಿ ಬೈಟ್‌ಗಳನ್ನು ನೆನಪಿಡಿ. ಒಂದು ಚಾರ್ ಮತ್ತು ಒಂದು ಇಂಟ್ ಇರುವ ಸ್ಟ್ರಕ್ಚರ್ ಸಾಮಾನ್ಯವಾಗಿ 5 ಬೈಟ್ ಅಲ್ಲ, 8 ಬೈಟ್. ಸಿಟೈಪ್ಸ್ ಕೂಡ ಅದೇ ನಿಯಮದಿಂದ ಖಾಲಿ ಬೈಟ್ ಸೇರಿಸುತ್ತದೆ, ಆದರೆ ಫೀಲ್ಡ್‌ಗಳ ಕ್ರಮ ಮತ್ತು ಬಗೆ ಹೆಡರ್‌ನಲ್ಲಿದ್ದಂತೆಯೇ ಇರಬೇಕು. ಎರಡೂ ಕಡೆಯ ಸೈಜ್‌ಆಫ್ ಒಂದೇ ಎಂದು ಪರೀಕ್ಷೆಯಲ್ಲಿ ಹೋಲಿಸಿ ನೋಡಿ.

ದೋಷಗಳು, ಕಾಲ್‌ಬ್ಯಾಕ್‌ಗಳು, ಥ್ರೆಡ್‌ಗಳು

ಎಕ್ಸೆಪ್ಶನ್‌ಗಳಿಗೆ ಗಡಿಯನ್ನು ದಾಟುವ ದಾರಿಯಿಲ್ಲ. ಸಿ ಪ್ಲಸ್ ಪ್ಲಸ್ ಎಕ್ಸೆಪ್ಶನ್ ಹೊರಗೆ ತೆರೆದಿಟ್ಟ ಫಂಕ್ಷನ್‌ನಿಂದ ಆಚೆ ಹಾರಿದರೆ ಪ್ರಾಸೆಸ್ ಸಾಮಾನ್ಯವಾಗಿ ಅಲ್ಲೇ ಕೊನೆಗೊಳ್ಳುತ್ತದೆ, ಆದ್ದರಿಂದ ಗಡಿಯ ಫಂಕ್ಷನ್‌ಗಳಲ್ಲಿ ಎಲ್ಲವನ್ನೂ ಹಿಡಿದು ಒಂದು ಪೂರ್ಣಾಂಕ ಸಂಕೇತವಾಗಿ ಮಾರ್ಪಡಿಸಿ. ರಸ್ಟ್‌ನ ಪ್ಯಾನಿಕ್‌ಗೂ ಇದೇ ನಿಯಮ. ಪೈಥಾನ್ ಕಡೆಯಲ್ಲಿ ಫಂಕ್ಷನ್‌ಗೆ ಎರ್‌ಚೆಕ್ ಎಂಬ ಪರೀಕ್ಷಕವನ್ನು ಜೋಡಿಸಿದರೆ, ಸೊನ್ನೆಯಲ್ಲದ ಸಂಕೇತ ಬಂದಾಗಲೆಲ್ಲ ತಾನಾಗಿ ಪೈಥಾನ್ ಎಕ್ಸೆಪ್ಶನ್ ಎಬ್ಬಿಸಬಹುದು.

ಸಿ ಕೋಡ್ ಪೈಥಾನ್ ಫಂಕ್ಷನನ್ನು ತಿರುಗಿ ಕರೆಯುವುದಾದರೆ (ಇದೇ ಕಾಲ್‌ಬ್ಯಾಕ್) ಸಿಫಂಕ್‌ಟೈಪ್‌ನಿಂದ ಅದನ್ನು ಸುತ್ತಿ ಕೊಡಬೇಕು. ಸಿ ಯ ವಿಂಗಡಣೆ ಫಂಕ್ಷನ್ ಕ್ಯೂಸಾರ್ಟ್‌ನಂಥದ್ದು ಕಾಲ್‌ಬ್ಯಾಕನ್ನು ಕರೆ ನಡೆಯುವಷ್ಟು ಹೊತ್ತು ಮಾತ್ರ ಬಳಸುವುದರಿಂದ ತೊಂದರೆಯಿಲ್ಲ. ಆದರೆ ಈಗ ನೋಂದಾಯಿಸಿಕೊಂಡು ಮುಂದೆಂದೋ ಕರೆಯುವ ಲೈಬ್ರರಿಗೆ ಕೊಟ್ಟಾಗ, ಆ ಸುತ್ತಿದ ವಸ್ತುವಿಗೆ ಪೈಥಾನ್‌ನಲ್ಲಿ ಬೇರೆ ರೆಫರೆನ್ಸ್ ಇಲ್ಲದಿದ್ದರೆ ಅದು ತೆಗೆದುಹಾಕಲ್ಪಟ್ಟು, ಸಿ ಕೋಡ್ ಇಲ್ಲದ ವಿಳಾಸಕ್ಕೆ ಜಿಗಿಯುತ್ತದೆ. ನೋಂದಣಿ ರದ್ದಾಗುವವರೆಗೆ ಅದನ್ನು ಮಾಡ್ಯೂಲ್ ಮಟ್ಟದ ಹೆಸರಿನಲ್ಲೋ ಆಬ್ಜೆಕ್ಟ್‌ನ ಫೀಲ್ಡ್‌ನಲ್ಲೋ ಹಿಡಿದಿಡಿ. ಕಾಲ್‌ಬ್ಯಾಕ್‌ನೊಳಗೆ ಪೈಥಾನ್ ಎಕ್ಸೆಪ್ಶನ್ ಎದ್ದರೆ ಸಿಟೈಪ್ಸ್ ಅದನ್ನು ದೋಷದ ಔಟ್‌ಪುಟ್‌ಗೆ ಮುದ್ರಿಸಿ ಮುಂದೆ ಸಾಗುತ್ತದೆ, ಕರೆದವರಿಗೆ ತಲುಪಿಸುವುದಿಲ್ಲ ಎಂಬುದೂ ತಿಳಿದಿರಲಿ.

ಸಿಡಿಎಲ್ಎಲ್ ಮೂಲಕ ಕರೆ ನಡೆಯುವಾಗ ಪೈಥಾನ್ ಒಮ್ಮೆಗೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸುವಂತೆ ನೋಡಿಕೊಳ್ಳುವ ತನ್ನ ಜಾಗತಿಕ ಬೀಗವಾದ ಜಿಐಎಲ್ ಅನ್ನು ಬಿಟ್ಟುಕೊಡುತ್ತದೆ. ದೀರ್ಘ ಲೆಕ್ಕಾಚಾರಗಳನ್ನು ಹಲವು ಥ್ರೆಡ್‌ಗಳಲ್ಲಿ ಏಕಕಾಲಕ್ಕೆ ನಡೆಸಲು ಇದು ಅನುಕೂಲ, ಆದರೆ ಲೈಬ್ರರಿ ಥ್ರೆಡ್‌ಗಳಿಗೆ ಸುರಕ್ಷಿತವಲ್ಲದಿದ್ದರೆ ಬೀಗ ಹಾಕುವ ಹೊಣೆ ನಿಮ್ಮದಾಗುತ್ತದೆ.

ಕುಸಿದಾಗ ಹುಡುಕುವುದು

ಪೈಥಾನ್ 3.3ರಿಂದ ಇರುವ ಫಾಲ್ಟ್‌ಹ್ಯಾಂಡ್ಲರ್ ಮಾಡ್ಯೂಲನ್ನು ಪ್ರೋಗ್ರಾಮ್‌ನ ಆರಂಭದಲ್ಲೇ ಚಾಲೂ ಮಾಡಿ. ಸೆಗ್ಮೆಂಟೇಶನ್ ಫಾಲ್ಟ್ ಆದಾಗ ಪೈಥಾನ್‌ನ ಯಾವ ಸಾಲಿನಿಂದ ಗಡಿ ದಾಟಲಾಗಿತ್ತು ಎಂಬುದನ್ನಾದರೂ ಅದು ಹೇಳುತ್ತದೆ. ಸಿ ಕಡೆಯ ತಪ್ಪುಗಳಿಗೆ ಜಿಸಿಸಿ ಮತ್ತು ಕ್ಲ್ಯಾಂಗ್ ಎರಡರಲ್ಲೂ ಇರುವ, ಮೆಮೊರಿ ತಪ್ಪುಗಳನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಬಳಸಿ ಕಂಪೈಲ್ ಮಾಡಿ, ಪೈಥಾನ್ ಇಲ್ಲದೆ ಸಿ ಯಲ್ಲೇ ಬರೆದ ಪುಟ್ಟ ಪರೀಕ್ಷಾ ಪ್ರೋಗ್ರಾಮ್‌ನಿಂದ ಮೊದಲು ಓಡಿಸಿ. ಲೈಬ್ರರಿ ತೆರೆಯುವುದೇ ಇಲ್ಲವಾದರೆ 32 ಮತ್ತು 64 ಬಿಟ್‌ಗಳ ಹೊಂದಾಣಿಕೆಯನ್ನು ನೋಡಿ. ವಿಂಡೋಸ್‌ನಲ್ಲಿ ಪೈಥಾನ್ 3.8ರಿಂದೀಚೆಗೆ ಅವಲಂಬಿತ ಡಿಎಲ್ಎಲ್‌ಗಳನ್ನು ಪಾತ್ ವೇರಿಯೇಬಲ್‌ನಲ್ಲಿ ಹುಡುಕುವುದಿಲ್ಲ. ಆ್ಯಡ್-ಡಿಎಲ್ಎಲ್-ಡೈರೆಕ್ಟರಿಯಿಂದ ಫೋಲ್ಡರನ್ನು ಸೂಚಿಸಬೇಕು.

ಬೇರೆ ಸಲಕರಣೆಗಳು, ಬೇರೆ ಜೋಡಿಗಳು

ಹತ್ತಿಪ್ಪತ್ತು ಫಂಕ್ಷನ್‌ಗಳಿಗೆ ಸಿಟೈಪ್ಸ್ ಸಾಕು. ಅದಕ್ಕಿಂತ ದೊಡ್ಡ ಸಿ ಲೈಬ್ರರಿಗೆ ಸಿ ಘೋಷಣೆಗಳನ್ನೇ ಓದಿಕೊಳ್ಳುವ ಸಿಎಫ್ಎಫ್ಐ, ಸಿ ಪ್ಲಸ್ ಪ್ಲಸ್ ಕ್ಲಾಸ್‌ಗಳಿಗೆ ಪೈಬೈಂಡ್11, ರಸ್ಟ್‌ಗೆ ಪೈಓ3 ಉತ್ತಮ. ಇವು ಬಗೆಗಳನ್ನು ಕಂಪೈಲ್ ಸಮಯದಲ್ಲಿ ಪರಿಶೀಲಿಸಬಲ್ಲವು, ಬದಲಿಗೆ ಪ್ರತಿ ಸಿಸ್ಟಮ್‌ಗೂ ಕಂಪೈಲ್ ಮಾಡಿ ಹಂಚುವ ಹೊರೆಯನ್ನು ಹೇರುತ್ತವೆ. ಜಾವಾದಲ್ಲಿ ಬಹುಕಾಲ ಜೆಎನ್ಐ ಒಂದೇ ಅಧಿಕೃತ ದಾರಿಯಾಗಿತ್ತು, ಅದಕ್ಕೆ ಸಿ ಯಲ್ಲೇ ಅಂಟು ಕೋಡ್ ಬರೆಯಬೇಕಿತ್ತು. 2024ರ ಮಾರ್ಚ್‌ನಲ್ಲಿ ಬಂದ ಜಾವಾ 22ರಲ್ಲಿ ಫಾರಿನ್ ಫಂಕ್ಷನ್ ಅಂಡ್ ಮೆಮೊರಿ ಎಪಿಐ ಅಂತಿಮಗೊಂಡ ಮೇಲೆ ಜಾವಾ ಕೋಡ್‌ನಿಂದಲೇ ಸಿ ಫಂಕ್ಷನ್‌ಗಳನ್ನು ಘೋಷಿಸಿ ಕರೆಯಬಹುದಾಗಿದೆ. ಗೋ ಭಾಷೆಯ ಕೋಡನ್ನು ಸಿ-ಶೇರ್ಡ್ ಎಂಬ ಬಿಲ್ಡ್ ವಿಧಾನದಿಂದ ಲೈಬ್ರರಿಯಾಗಿಸಬಹುದು, ಆದರೆ ಅದರೊಂದಿಗೆ ಗೋ ರನ್‌ಟೈಮ್ ಮತ್ತು ಗಾರ್ಬೇಜ್ ಕಲೆಕ್ಟರ್ ಪೂರ್ತಿಯಾಗಿ ನಿಮ್ಮ ಪ್ರಾಸೆಸ್‌ನೊಳಗೆ ಬರುತ್ತವೆ; ಸಣ್ಣ ಕೆಲಸಕ್ಕೆ ನಾನಂತೂ ಆ ದಾರಿಯನ್ನು ಸೂಚಿಸುವುದಿಲ್ಲ.

ಯಾವ ಜೋಡಿಯಾದರೂ ಲೈಬ್ರರಿಯಲ್ಲಿ ಆರ್ಗ್ಯುಮೆಂಟ್‌ಗಳಿಲ್ಲದ, ಆವೃತ್ತಿಯ ಸಂಖ್ಯೆಯನ್ನು ಮಾತ್ರ ಕೊಡುವ ಒಂದು ಫಂಕ್ಷನ್ ಇಡಿ. ಫಂಕ್ಷನ್ ಒಂದರ ಆರ್ಗ್ಯುಮೆಂಟ್ ಅಥವಾ ಸ್ಟ್ರಕ್ಚರ್ ಒಂದರ ಫೀಲ್ಡ್ ಬದಲಾದಾಗಲೆಲ್ಲ ಆ ಸಂಖ್ಯೆಯನ್ನು ಏರಿಸಿ, ಪೈಥಾನ್ ಮಾಡ್ಯೂಲ್ ಲೈಬ್ರರಿಯನ್ನು ತೆರೆದ ತಕ್ಷಣ ಬೇರಾವ ಕರೆಗೂ ಮೊದಲು ಅದನ್ನು ಹೋಲಿಸಿ ನೋಡಲಿ. ಹೊಂದದಿದ್ದರೆ ಎರಡೂ ಆವೃತ್ತಿಗಳ ಸಂಖ್ಯೆಯನ್ನು ಹೇಳುವ ಎಕ್ಸೆಪ್ಶನ್‌ನೊಂದಿಗೆ ಅಲ್ಲಿಯೇ ನಿಲ್ಲಲಿ.